ಬಾ ಎಂಬ ಒಂದಕ್ಷರ

ಚೀನೀ ಭಾಷೆ ಕಲಿಯಲು ಸೇರಿದ ಮೊದಲ ವಾರವೇ ನಮ್ಮ ಮೇಡಂ ನಮ್ಮಿಂದ ಒಂದಕ್ಷರವನ್ನು ಮುಕ್ಕಾಲು ಗಂಟೆ ಕೂಗಿಸಿದರು. ಬಾ. ದನಿಯನ್ನು ಎತ್ತರದಲ್ಲಿ ಹಿಡಿದು ಅಲ್ಲೇ ನಿಲ್ಲಿಸಿದರೆ ‘ಎಂಟು’. ಕೆಳಗಿನಿಂದ ಮೇಲಕ್ಕೆ ಎಳೆದರೆ ‘ಕಿತ್ತು ತೆಗೆ’. ತಗ್ಗಿಸಿ ಮತ್ತೆ ಎತ್ತಿದರೆ ‘ಹಿಡಿದುಕೋ’. ಮೇಲಿನಿಂದ ದೊಪ್ಪೆಂದು ಬೀಳಿಸಿದರೆ ‘ಅಪ್ಪ’. ಇಪ್ಪತ್ತು ಜನ ಬೆಳೆದ ಹುಡುಗ ಹುಡುಗಿಯರು ಕುರಿಮಂದೆಯ ಹಾಗೆ ಬಾ ಬಾ ಎಂದು ಅರಚುತ್ತಿದ್ದರೆ ನನಗೆ ನಗು ತಡೆಯಲಾಗಲಿಲ್ಲ. ಇದನ್ನು ಕಲಿಯುವುದಕ್ಕೆ ಡಿಗ್ರಿ ಮುಗಿಸಿ, ಎಂಟ್ರೆನ್ಸ್ ಬರೆದು, ಯೂನಿವರ್ಸಿಟಿಗೆ ಬರಬೇಕಿತ್ತೇ? ನಮ್ಮಮ್ಮ ಇದೇ ಅಕ್ಷರವನ್ನು ನಾಲ್ಕಲ್ಲ, ನಲವತ್ತು ದನಿಯಲ್ಲಿ ಹೇಳಬಲ್ಲಳು. ದೋಸೆ ಆರುತ್ತಿರುವಾಗಿನ ಬಾ ಬೇರೆ, ಮಾರ್ಕ್ಸ್ ಕಾರ್ಡು ಅವಳ ಕೈಗೆ ಸಿಕ್ಕಿದಾಗಿನ ಬಾ ಬೇರೆ.

ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬಂಗಾಳದವಳು, ದಿಲ್ಲಿಯ ಮುನಿರ್ಕಾದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. “ನಮ್ಮಲ್ಲಿ ಬಾ ಅಂದರೆ ‘ಅಥವಾ’ ಅಂತ” ಅಂದಳು. ಕ್ಯಾಂಟೀನಿನಲ್ಲಿ ಪರಿಚಯವಾದ ವಿಯೆಟ್ನಾಮಿನ ಹುಡುಗ ಮೂರು ಬೆರಳು ತೋರಿಸಿದ. ಜಪಾನೀ ಓದುತ್ತಿದ್ದವನೊಬ್ಬ, ನಮ್ಮಲ್ಲಿ ಅದು ಜಾಗ ಅಂದ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ನಾನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡೆ. ನನಗಾಗ ಇಪ್ಪತ್ತು ವರ್ಷ. ಇಂಥದ್ದೆಲ್ಲ ಭಾರೀ ಸಂಶೋಧನೆಯಂತೆ ಕಾಣುತ್ತಿತ್ತು.

ಸಂಜೆ ವಸಂತ್ ಕುಂಜ್‌ನ ನಮ್ಮ ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತಾ ಕೇಳಿಸಿಕೊಂಡಳು.

“ಎಂಟಂತೆ, ಮೂರಂತೆ” ಅಂದಳು. “ನಂಗೆ ಕನ್ನಡದಲ್ಲಿ ಬಾ ಅನ್ನೋನು ಒಬ್ಬ ಇದ್ದ. ಅವನು ಅನ್ನದೆ ಮೂರು ವರ್ಷ ಆಯ್ತು.”

ಅವಳು ಹೇಳಿದ್ದು ರೋಹಿಣಿ ಬಡಾವಣೆಯಲ್ಲಿದ್ದ ನನ್ನ ಮಾವನ ಬಗ್ಗೆ, ಅವಳ ಸ್ವಂತ ಅಣ್ಣನ ಬಗ್ಗೆ. ನಾನು ನೋಟ್‌ಬುಕ್ ಮುಚ್ಚಿ, ಹುರುಳಿಕಾಯಿ ಮುರಿಯಲು ಕೂತೆ.

ಹೆಣ್ಣುಮಕ್ಕಳಿಗೆ ತವರು ಅಂದರೆ ಒಂದು ಊರು, ಒಂದು ಬಾವಿ, ಹಿತ್ತಲಲ್ಲಿ ಕರಿಬೇವಿನ ಗಿಡ ಇರಬೇಕು ಅಂತ ಜನರ ಲೆಕ್ಕ. ನಮ್ಮಮ್ಮನ ತವರು ರೋಹಿಣಿಯ ಒಂದು ಸೆಕ್ಟರಿನಲ್ಲಿ, ಎರಡನೇ ಮಹಡಿಯಲ್ಲಿತ್ತು. ಅಜ್ಜ ಅಜ್ಜಿ ನಾನು ಹುಟ್ಟುವ ಮೊದಲೇ ಹೋಗಿದ್ದರು. ಹಾಸನದ ಕಡೆಯ ಮನೆ ಬೇರೆಯವರ ಪಾಲಾಗಿತ್ತು. ಉಳಿದದ್ದು ಅಣ್ಣ ಒಬ್ಬರೇ. ಮಾವ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ಮೇಲೆ ದಿಲ್ಲಿಯಲ್ಲೇ ಉಳಿದರು. ನಮ್ಮಪ್ಪ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಹಾಗಾಗಿ ಅಣ್ಣ ತಂಗಿ ಇಬ್ಬರೂ ಒಂದೇ ಊರಲ್ಲಿದ್ದರು ಅನ್ನಬಹುದು. ಒಂದೇ ಊರು ಅಂದರೆ ದಿಲ್ಲಿಯ ಲೆಕ್ಕದಲ್ಲಿ: ಅವರು ವಾಯವ್ಯದ ತುದಿ, ನಾವು ದಕ್ಷಿಣದ ತುದಿ. ಎರಡು ಬಸ್ಸು, ಎರಡು ಗಂಟೆ, ಹಿಂದಿರುಗುವಾಗ ಸೊಂಟ ಹಿಡಿಯುವುದು ಬೇರೆ.

ಪ್ರತಿ ವರ್ಷ ಗೌರಿ ಹಬ್ಬದ ಹಿಂದಿನ ದಿನ ಮಾವ ನಮ್ಮ ಮನೆಗೆ ಬರುತ್ತಿದ್ದರು. ಕೈಯಲ್ಲೊಂದು ಚೀಲ, ಅದರೊಳಗೆ ಸೀರೆ, ಬಳೆ, ಅರಿಶಿನ ಕುಂಕುಮ. ತವರಿನ ಬಾಗಿನ ಅದು. ಕಾಫಿ ಕುಡಿದು, ಅಪ್ಪನ ಜೊತೆ ಕ್ರಿಕೆಟ್ ಬಗ್ಗೆ ನಾಲ್ಕು ಮಾತಾಡಿ, ಬೂಟು ಹಾಕಿಕೊಳ್ಳುತ್ತಾ ಒಂದೇ ಒಂದು ವಾಕ್ಯ ಹೇಳುತ್ತಿದ್ದರು. “ಹಬ್ಬ ಮುಗಿಸ್ಕೊಂಡು ಮನೆಗೆ ಬಾ.” ಅಷ್ಟು ಹೇಳಿದರೆ ಅಮ್ಮ ಮುಂದಿನ ಶನಿವಾರ ಭಾನುವಾರ ರೋಹಿಣಿಗೆ ಹೊರಟಳು ಎಂದೇ. ಅಲ್ಲಿ ಅವಳು ಒಲೆ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಎಂಟರವರೆಗೆ ಮಲಗುತ್ತಿದ್ದಳು, ಎದ್ದರೆ ಅತ್ತೆ ಕಾಫಿ ಕೈಗೇ ತಂದುಕೊಡುತ್ತಿದ್ದರು. ಅಣ್ಣ ತಂಗಿ ಕೂತು ಸತ್ತವರ, ಬದುಕಿದವರ ಕತೆಗಳನ್ನೆಲ್ಲ ಹರಟುತ್ತಿದ್ದರು. ವರ್ಷದ ಮುನ್ನೂರ ಅರವತ್ತಮೂರು ದಿನ ನಮ್ಮ ಚಾಕರಿ ಮಾಡುವವಳಿಗೆ ಆ ಎರಡು ದಿನ ಮಾತ್ರ ಯಾರೋ ಉಣ್ಣು ಅಂತ ಬಡಿಸುತ್ತಿದ್ದರು. ಭಾನುವಾರ ರಾತ್ರಿ ಮನೆಗೆ ಬರುವಾಗ ಅವಳ ಮುಖವೇ ಬೇರೆ ಆಗಿರುತ್ತಿತ್ತು.

ಇದು ನಿಂತುಹೋದದ್ದು ನಮ್ಮ ಗೃಹಪ್ರವೇಶದಿಂದ.

ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ನಮಗೆ ಸರ್ಕಾರದ ಮನೆ ಹಂಚಿಕೆಯ ಲಾಟರಿಯಲ್ಲಿ ವಸಂತ್ ಕುಂಜ್‌ನ ಮೂರನೇ ಮಹಡಿಯ ಫ್ಲ್ಯಾಟು ಬಂತು. ಮೇ ತಿಂಗಳಲ್ಲಿ ಮುಹೂರ್ತ. ನಮ್ಮ ಕಡೆ ಕರೆಯುವುದೆಂದರೆ ಸುಮ್ಮನೆ ಅಲ್ಲ. ಗಂಡ ಹೆಂಡತಿ ಇಬ್ಬರೂ ಮನೆಗೆ ಹೋಗಬೇಕು, ಕುಂಕುಮ ಹಚ್ಚಬೇಕು, ಅಕ್ಷತೆ ಕೊಡಬೇಕು, ಬಾಯಿಬಿಟ್ಟು ಬನ್ನಿ ಅನ್ನಬೇಕು. ಕಾರ್ಡು ಕೊಟ್ಟರೆ ಅದು ಬರೀ ಸುದ್ದಿ ಮುಟ್ಟಿಸಿದ ಹಾಗೆ. ದಿಲ್ಲಿಯ ಮೇ ತಿಂಗಳ ಬಿಸಿಲಲ್ಲಿ ಅಪ್ಪ ಅಮ್ಮ ಆಟೋ, ಬಸ್ಸು ಹತ್ತಿ ಇಳಿದು ಒಂದೊಂದೇ ಮನೆ ಕರೆದು ಬಂದರು. ಮೊದಲು ಅಪ್ಪನ ಜಾಯಿಂಟ್ ಸೆಕ್ರೆಟರಿ ಮನೆ. ಅಲ್ಲಿಗೆ ತೆಂಗಿನಕಾಯಿ, ಹಣ್ಣು ಸಮೇತ ಹೋದರು. ಹೀಗೆ ಕರೆಯುತ್ತಾ ಕರೆಯುತ್ತಾ ಮುಹೂರ್ತಕ್ಕೆ ಎರಡೇ ದಿನ ಉಳಿಯಿತು, ರೋಹಿಣಿಯೂ ಉಳಿಯಿತು. “ಅಣ್ಣ ತಾನೇ, ಮನೆಯವನನ್ನ ಕರೆಯೋದೇನು” ಎಂದು ಅಮ್ಮ ಫೋನ್ ಮಾಡಿದಳು. ಮಾವ ಸ್ನಾನಕ್ಕೆ ಹೋಗಿದ್ದರು. ಅತ್ತೆ ಫೋನ್ ಎತ್ತಿ ಹೂಂ ಅಂದರು.

ಮಾವ ಬರಲಿಲ್ಲ. ಅಮ್ಮ ಹಾಲುಕ್ಕಿಸುವಾಗಲೂ ಬಾಗಿಲ ಕಡೆಯೇ ನೋಡುತ್ತಿದ್ದಳು. ಒಂದು ವಾರದ ಮೇಲೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಅವರ ಮಾತು ನಮ್ಮ ಕಿವಿಗೆ ಬಿತ್ತು. “ಗಂಡನ ಸಾಹೇಬ್ರಿಗೆ ಕುಂಕುಮ, ಒಡಹುಟ್ಟಿದವನಿಗೆ ಟೆಲಿಫೋನು. ಹಿತ್ತಲ ಗಿಡ ಮದ್ದಲ್ಲ ಬಿಡಿ” ಅಂದಿದ್ದರಂತೆ. ಅಮ್ಮನ ಮೂಗಿನ ತುದಿ ಕೆಂಪಾಯಿತು. “ಮನೆಯವನಾದೋನು ಬೆಳಿಗ್ಗೆ ನಾಲ್ಕಕ್ಕೇ ಬಂದು ನನ್ನ ಪಕ್ಕದಲ್ಲಿ ನಿಲ್ಲಬೇಕಿತ್ತು. ಅವನಿಗೇನು ಕರೆ? ಅವನೇನು ಜಾಯಿಂಟ್ ಸೆಕ್ರೆಟರಿನಾ?” ಅಂದಳು. ನೀನು ನನ್ನವನು, ಆದ್ದರಿಂದ ಕರೆಯಲಿಲ್ಲ ಎಂದು ಇವಳು. ನಾನು ನಿನ್ನವನು, ಆದ್ದರಿಂದ ಮೊದಲು ನನ್ನನ್ನೇ ಕರೆಯಬೇಕಿತ್ತು ಎಂದು ಅವರು. ಬೇರೆ ಯಾವ ಜನ ಪ್ರೀತಿಯನ್ನು ಇಷ್ಟು ಅಚ್ಚುಕಟ್ಟಾಗಿ ಜಗಳ ಮಾಡಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ.

ಆ ವರ್ಷ ಗೌರಿಗೆ ಮಾವ ಬರಲಿಲ್ಲ. ಮರುವರ್ಷವೂ ಇಲ್ಲ, ಅದರ ಮರುವರ್ಷವೂ ಇಲ್ಲ. ನಾನು “ನೀನೇ ಒಂದ್ಸಲ ಹೋಗಿ ಬಾಮ್ಮ” ಅಂದರೆ, ಪುರಾಣದಲ್ಲಿ ಕರೆಯದೆ ತವರಿನ ಯಜ್ಞಕ್ಕೆ ಹೋದ ಮಗಳ ಗತಿ ಏನಾಯಿತು ಎಂದು ನೆನಪಿಸುತ್ತಿದ್ದಳು. ಅಪ್ಪನನ್ನು ಕೇಳಿದರೆ ಅವರು ಪೇಪರಿನ ಹಿಂದಿನಿಂದ, “ಫೈಲು ಎರಡು ಟೇಬಲ್ ಮೇಲೂ ಇದೆ. ಇಬ್ಬರೂ ಸಹಿ ಹಾಕ್ತಿಲ್ಲ” ಅನ್ನುತ್ತಿದ್ದರು. ಈ ನಡುವೆ ರೋಹಿಣಿಗೆ ಮೆಟ್ರೋ ಬಂತು. ಇನ್ನು ಎರಡು ಬಸ್ಸಿನ ನೆಪವಿಲ್ಲ ಎಂದು ನಾನು ಖುಷಿಯಿಂದ ಹೇಳಿದೆ. “ನನ್ನ ಯಾರು ಕರೆದಿದ್ದಾರೆ ಅಂತ ಹೋಗ್ಲಿ? ಮೆಟ್ರೋ ಕರೆದಿದೆಯಾ?” ಅಂದಳು ಅಮ್ಮ. ಮಾತಿನಲ್ಲಿ ಅವಳನ್ನು ಗೆಲ್ಲಲು ಸಾಧ್ಯವಿಲ್ಲ. ಆದರೆ ಗೌರಿ ಹಬ್ಬ ಹತ್ತಿರ ಬಂದ ಹಾಗೆ ಬಾಗಿಲ ಗಂಟೆ ಹೊಡೆದರೆ ಸಾಕು, ಸೆರಗು ಸರಿಮಾಡಿಕೊಂಡು ಅವಳೇ ಓಡಿಹೋಗಿ ತೆಗೆಯುತ್ತಿದ್ದಳು. ಇಸ್ತ್ರಿ ಬಟ್ಟೆಯವನನ್ನು ನೋಡಿ ಅವಳ ಮುಖ ಇಳಿದುಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನಗೆ ಮಾವನ ಮೇಲೆ ಸಿಟ್ಟು ಬರುತ್ತಿತ್ತು.

ನಾನು ಚೀನೀ ಭಾಷೆಗೆ ಸೇರಿದ್ದು ಜುಲೈ ಕೊನೆಯಲ್ಲಿ. ಆಗಸ್ಟ್ ಮೊದಲಲ್ಲಿ ಅಮ್ಮ ಅಟ್ಟದಿಂದ ಮೊರಗಳನ್ನು ಇಳಿಸಿದಳು. ಗೌರಿ ಹಬ್ಬಕ್ಕೆ ಮೊರದ ಬಾಗಿನ ಬೇಕೇ ಬೇಕು, ದಿಲ್ಲಿಯಲ್ಲಿ ಆಗಸ್ಟಿನಲ್ಲಿ ಬಿದಿರಿನ ಮೊರ ಹುಡುಕಿದರೂ ಸಿಗುವುದಿಲ್ಲ. ದೀಪಾವಳಿ ಕಳೆದು ಬಿಹಾರದವರ ಛಠ್ ಪೂಜೆ ಬಂದಾಗ ಮಾತ್ರ ಮುನಿರ್ಕಾದ ಬೀದಿಯಲ್ಲಿ ರಾಶಿ ಹಾಕಿರುತ್ತಾರೆ. ಅದಕ್ಕೇ ಅಮ್ಮ ಮುಂದಿನ ವರ್ಷದ ಗೌರಿಯ ಮೊರಗಳನ್ನು ಹತ್ತು ತಿಂಗಳು ಮೊದಲೇ ಕೊಂಡು, ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಡುತ್ತಿದ್ದಳು. ಅವನ್ನು ಬಿಸಿಲಿಗೆ ಇಡಲು ಇಬ್ಬರೂ ಕೆಳಗೆ ಹುಲ್ಲಿನ ಹತ್ತಿರ ಹೋದೆವು. ಅಲ್ಲಿ ಬಾ ಇದ್ದರು.

ಬಾ ಅಂದರೆ ನೆಲಮಹಡಿಯ ಗುಜರಾತಿ ಅಜ್ಜಿ. ಅವರ ಭಾಷೆಯಲ್ಲಿ ಬಾ ಎಂದರೆ ಅಮ್ಮ. ಮಗ ಸೊಸೆ ಮೊಮ್ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು, ಅವರಿಂದ ಹಾಲಿನವನು ಕಲಿತ, ಹಾಲಿನವನಿಂದ ಇಡೀ ಬ್ಲಾಕು ಕಲಿಯಿತು. ನಮ್ಮಮ್ಮನಿಗೆ ಮಾತ್ರ ಶುರುವಿನಲ್ಲಿ ಬಾಯೇ ಬರಲಿಲ್ಲ. ಎಪ್ಪತ್ತು ದಾಟಿದ ಹಿರಿಯರನ್ನು ಬಾ ಬಾ ಅಂತ ಚಿಕ್ಕ ಹುಡುಗರನ್ನು ಕರೆದ ಹಾಗೆ ಹೇಗೆ ಕರೆಯುವುದು? ಕೊನೆಗೆ “ಬಾ ಜೀ” ಎಂದು ರಾಜಿ ಮಾಡಿಕೊಂಡಳು. ಬಾ ಸಣ್ಣ ಆಳು, ದೊಡ್ಡ ಗಂಟಲು. ಮೆಟ್ಟಿಲ ಬಾಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆ ಅವರ ತಪಾಸಣೆ ಮುಗಿಯದೆ ಯಾರೂ ಮೇಲೆ ಹೋಗುವಂತಿರಲಿಲ್ಲ.

ಬಾ ಮೊರಗಳನ್ನು ಎಣಿಸಿದರು. ಐದು. ಯಾರು ಯಾರಿಗೆ ಎಂದು ಕೇಳಿದರು. ಅಮ್ಮ ತನ್ನ ಹರಕು ಮುರುಕು ಹಿಂದಿಯಲ್ಲಿ ಹೇಳುತ್ತಾ ಹೋದಳು. ಇದು ಗೌರಿಗೆ, ಇದು ಎದುರು ಬ್ಲಾಕಿನ ಕನ್ನಡದವರಿಗೆ, ಇವೆರಡು ಇಂಥವರಿಗೆ. ಐದನೆಯದರ ಹತ್ತಿರ ಸುಮ್ಮನಾದಳು.

“ಔರ್ ಏ?” ಇದು ಯಾರಿಗೆ ಅಂದರು ಬಾ.

ಐದನೆಯದು ರೋಹಿಣಿಯ ಅತ್ತೆಗೆ. ಪ್ರತಿ ವರ್ಷ ಕೊಳ್ಳುತ್ತಾಳೆ, ಪ್ರತಿ ವರ್ಷ ಅದು ಮತ್ತೆ ಅಟ್ಟ ಸೇರುತ್ತದೆ. ಅಮ್ಮ ಹೇಳಲು ಶುರುಮಾಡಿದಳು. ಹಿಂದಿ ಸಾಲದ ಕಡೆ ಕನ್ನಡ ಹಾಕಿದಳು, ಕನ್ನಡವೂ ಸಾಲದ ಕಡೆ ಅತ್ತಳು. ನಾನು ನಡುವೆ ನಿಂತು ಅನುವಾದ ಮಾಡಿದೆ. ಕುಂಕುಮ, ಟೆಲಿಫೋನು, ಜಾಯಿಂಟ್ ಸೆಕ್ರೆಟರಿ ಎಲ್ಲವನ್ನೂ ಬಾ ಗಮನವಿಟ್ಟು ಕೇಳಿದರು. ಆಮೇಲೆ ಬೊಚ್ಚುಬಾಯಿ ತುಂಬ ನಕ್ಕರು.

“ಭಾಈ ಕೇ ಘರ್ ಜಾನೇ ಕೋ ಬುಲಾವಾ?” ಅಣ್ಣನ ಮನೆಗೆ ಹೋಗಲು ಯಾರಾದರೂ ಕರೆಯಬೇಕೇ? ಅವರ ತಮ್ಮ ರೋಹಿಣಿ ಪಕ್ಕದ ಪೀತಂಪುರದಲ್ಲಿದ್ದಾನಂತೆ. ಐವತ್ತು ವರ್ಷದಿಂದ ರಾಖಿ ದಿನ ಹೋಗುತ್ತಿದ್ದಾರಂತೆ. ಒಂದು ಸಲವೂ ಅವನು ಬಾ ಎಂದು ಕರೆದಿಲ್ಲವಂತೆ. “ಕರೆದರೆ ನಾನು ಹೆದರಿಕೊಳ್ತೀನಿ, ಮೈಗೆ ಹುಷಾರಿಲ್ಲವೇನೋ ಅಂತ” ಅಂದರು. ರಾಖಿಗೆ ಕರೆ ಅನ್ನುವುದೇ ಇಲ್ಲ. ಅಕ್ಕ ತಂಗಿಯರು ತಾವಾಗಿ ಹೋಗಬೇಕು, ಅದೇ ಅದರ ಪದ್ಧತಿ. ಬರುವ ವಾರವೇ ಇದೆ, ನೀನೂ ಹೊರಡು ಅಂದರು.

“ನಮ್ಮಲ್ಲಿ ರಾಖಿ ಇಲ್ಲ ಬಾ ಜೀ” ಅಂದಳು ಅಮ್ಮ.

“ಇಲ್ಲದಿದ್ದರೆ ಇನ್ನೂ ಒಳ್ಳೆಯದಾಯಿತಲ್ಲ! ಇಲ್ಲದ ಹಬ್ಬಕ್ಕೆ ನಿಮ್ಮಲ್ಲಿ ನಿಯಮವೂ ಇರುವುದಿಲ್ಲ.”

ಎರಡು ದಿನ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದಳು. “ಅವತ್ತು ದಿಲ್ಲಿಲಿರೋ ಹೆಂಗಸರೆಲ್ಲ ಕರೆಯದೇನೇ ಹೋಗ್ತಾರೆ ಅಲ್ವೇನೇ? ಹಂಗಾದ್ರೆ ನಾನು ಹೋದ್ರೆ ಸೋತ ಹಾಗೆ ಆಗಲ್ಲ ಅಲ್ವಾ?”

“ಎಲ್ಲಿ ಆಗುತ್ತೆ?” ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳು ಮೂರು ವರ್ಷ ಹುಡುಕುತ್ತಿದ್ದ ಉಪಾಯ ಗುಜರಾತಿನಿಂದ ಬಂದಿತ್ತು. ಅಪ್ಪನಿಗೆ ತಿಳಿಸಿದೆವು. ಅವರು ಪೇಪರು ಕೆಳಗಿಳಿಸಿ “ನೋ ಅಬ್ಜೆಕ್ಷನ್” ಅಂದರು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಹಳೆಯ ಹಾಡೊಂದನ್ನು ಗುನುಗಿದರು.

ರಾಖಿ ಕೊಳ್ಳುವುದು ಅಮ್ಮನಿಗೆ ಹೊಸ ವಿದ್ಯೆ. ಮಾರ್ಕೆಟ್ಟಿನಲ್ಲಿ ಮಂಚದ ಮೇಲೆ ಹರಡಿದ್ದ ನೂರಾರು ರಾಖಿಗಳ ಮುಂದೆ ತರಕಾರಿ ಆರಿಸುವ ಹಾಗೆ ನಿಂತಳು. ಅಂಗಡಿಯವನು ಭಾಈಗೆ ಎಷ್ಟು ವಯಸ್ಸು ಎಂದು ಕೇಳಿದ. “ಸಾಠ್” ಅಂದಳು, ಅರವತ್ತು. ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಸಾದಾ ಕೆಂಪು ದಾರದ್ದೊಂದನ್ನು ತೆಗೆದ. ಅಮ್ಮನಿಗೆ ಅದು ಹಿಡಿಸಲಿಲ್ಲ. ಮೂರು ವರ್ಷದ ಬಾಕಿ ಇರುವಾಗ ಇಷ್ಟು ಸಣ್ಣದೇ? ಒತ್ತಿದರೆ ದೀಪ ಮಿನುಗುವ, ಅಂಗೈ ಅಗಲದ ಒಂದನ್ನು ಕೈಗೆತ್ತಿಕೊಂಡಳು. “ಭಯ್ಯಾ, ಏ ದೇ ದೋ.” ಅದು ಐದು ವರ್ಷದ ಮಕ್ಕಳಿಗೆ ಕಟ್ಟುವುದು ಎಂದು ನಾನು ಹೇಳಿದೆ. “ಮಿಲಿಟರಿಯವನು, ದೊಡ್ಡ ಕೈ, ಇರ್ಲಿ ಬಿಡು” ಅಂದಳು.

ರಾಖಿ ದಿನ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹಾಗಾಗಿ ಬಸ್ಸಿನೊಳಗೆ ಕಾಲಿಡಲೂ ಜಾಗವಿರಲಿಲ್ಲ. ಎಲ್ಲರ ಮಡಿಲಲ್ಲೂ ಮಿಠಾಯಿ ಡಬ್ಬಿ, ಎಲ್ಲರ ಕೈಯಲ್ಲೂ ಹಸಿ ಮೆಹಂದಿಯ ವಾಸನೆ. ಬಾ ನಮ್ಮ ಮುಂದಾಳು. ಕೈಚೀಲದಲ್ಲಿ ತಮ್ಮನಿಗೆ ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿ. ಅವರು ಎರಡು ಸೀಟು ಗದರಿಸಿ ಬಿಡಿಸಿ, ಒಂದರಲ್ಲಿ ತಾವು ಕೂತು, ಇನ್ನೊಂದರಲ್ಲಿ ಅಮ್ಮನನ್ನು ಕೂರಿಸಿದರು. ಸಚಿವಾಲಯದ ಹತ್ತಿರ ಮೆಟ್ರೋ ಹತ್ತಿ, ಕಾಶ್ಮೀರಿ ಗೇಟಿನಲ್ಲಿ ಬದಲಿಸಿ, ರೋಹಿಣಿ ಕಡೆಯ ಗಾಡಿಯಲ್ಲಿ ಕೂತೆವು. ಅಮ್ಮ ಮೆಟ್ರೋ ಹತ್ತಿದ್ದು ಅದೇ ಮೊದಲು. ಓಡುವ ಮೆಟ್ಟಿಲ ಮೇಲೆ ಕಾಲಿಡಲು ನಾಲ್ಕು ಸಲ ಹಿಂದೆ ಮುಂದೆ ನೋಡಿದಳು, ಐದನೆಯ ಸಲ ಬಾ ಹಿಂದಿನಿಂದ ದಬ್ಬಿದರು.

ಪೀತಂಪುರದಲ್ಲಿ ಬಾ ಇಳಿಯುವಾಗ ಅಮ್ಮನ ಗಲ್ಲ ತಟ್ಟಿ “ಆವಜೋ” ಅಂದರು. ಹಾಗಂದರೇನು ಎಂದು ಅಮ್ಮ ಕೇಳಿದಳು. ಹೋಗುವಾಗ ಗುಜರಾತಿಗಳು ಹೇಳುವ ಮಾತು, ಮತ್ತೆ ಬನ್ನಿ ಅಂತ ಅರ್ಥ ಅಂದೆ. “ನಮ್ಮ ಹಾಗೇ” ಅಂದಳು. ನಾವೂ ಹೋಗ್ತೀನಿ ಎಂದು ಹೇಳಿ ಹೊರಡುವ ಜನವಲ್ಲವಲ್ಲ. ಬಾಗಿಲು ಮುಚ್ಚಿ ಗಾಡಿ ಹೊರಟಿತು. ಅಮ್ಮ ನನ್ನ ಕೈ ಹಿಡಿದುಕೊಂಡಳು.

“ಬಾಗಿಲು ತೆಗೆದು, ನನ್ನ ನೋಡಿ, ಮತ್ತೆ ಹಾಕ್ಕೊಂಡ್ರೆ?” ಅಂದಳು. “ಹಂಗೇನಾದ್ರೂ ಆದ್ರೆ ನಂಗಿನ್ನು ತವರು ಅಂತ ಇಲ್ಲ ಕಣೇ. ಈಗ ಮುನಿಸ್ಕೊಂಡಿದಾನೆ ಅಂತಾದ್ರೂ ಇದೆ.”

ನಾನು ಹಾಗೇನೂ ಆಗಲ್ಲ ಅಂದೆ. ನನಗೇನೂ ಖಾತ್ರಿ ಇರಲಿಲ್ಲ.

ಎರಡನೇ ಮಹಡಿ ಹತ್ತಿ ಗಂಟೆ ಒತ್ತಿದ್ದು ನಾನು. ಬಾಗಿಲು ತೆಗೆದದ್ದು ಮಾವ. ಬನಿಯನ್ನು, ಪಂಚೆ, ಮೂಗಿನ ತುದಿಯಲ್ಲಿ ಕನ್ನಡಕ. ಮೂರು ವರ್ಷದಲ್ಲಿ ಅವರ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಮಾವ ಅಮ್ಮನನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಅಮ್ಮನನ್ನು ನೋಡಿದರು. ಬಾಗಿಲ ಮೇಲಿನ ಕೈ ತೆಗೆಯಲಿಲ್ಲ.

“ಯಾರು ಕರೆದ್ರು?” ಅಂದರು.

ದಾರಿಯುದ್ದಕ್ಕೂ ಅಮ್ಮ ಏನೇನೋ ವಾಕ್ಯ ಜೋಡಿಸಿಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

“ಯಾರೂ ಕರೀಲಿಲ್ಲ” ಅಂದಳು. “ಇವತ್ತು ಇಲ್ಲಿ ಯಾರೂ ಯಾರನ್ನೂ ಕರೆಯಲ್ವಂತೆ. ಹಂಗೇ ಬರ್ಬೇಕಂತೆ. ಬಂದೆ.”

ಒಳಗಿನಿಂದ ಅತ್ತೆ “ಯಾರ್ರೀ ಅದು?” ಅನ್ನುತ್ತಾ ಬಂದರು. ನೋಡಿದವರೇ ಗಂಡನ ಕೈಯನ್ನು ಬಾಗಿಲಿಂದ ಎತ್ತಿ ಪಕ್ಕಕ್ಕಿಟ್ಟು, ಅಮ್ಮನನ್ನು ಒಳಗೆಳೆದುಕೊಂಡರು. ಅತ್ತೆ ಅಳಲು ಶುರುಮಾಡಿದರು, ಅಮ್ಮ ಚೀಲದಿಂದ ರಾಖಿ ತೆಗೆದಳು. ಮಾವ ಒಳಗೆ ಹೋಗಿ ಅಂಗಿ ಹಾಕಿಕೊಂಡು, ಗುಂಡಿ ಪೂರ್ತಿ ಹಾಕಿಕೊಂಡು, ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತು ಬಲಗೈ ಚಾಚಿದರು. ಪಲ್ಟನ್ನಿನಲ್ಲಿ ಯಾರು ಯಾರೋ ಊರಿನ ಹುಡುಗಿಯರು ಕಳಿಸಿದ ರಾಖಿಯನ್ನು ಅವರು ವರ್ಷಾ ವರ್ಷಾ ಕಟ್ಟಿಸಿಕೊಂಡವರು, ಪದ್ಧತಿ ಗೊತ್ತಿತ್ತು. ಗೊತ್ತಿಲ್ಲದ್ದು ಅಮ್ಮನಿಗೆ. ಮೊದಲು ಕುಂಕುಮ ಹಚ್ಚಿದಳು, ಆಮೇಲೆ ಅಕ್ಷತೆ ಹಾಕಿದಳು. ಕಟ್ಟುವಾಗ ಎಲ್ಲೋ ಒತ್ತಿಬಿಟ್ಟಳು, ರಾಖಿ ಕೆಂಪು ಹಸಿರು ಮಿನುಗತೊಡಗಿತು. ಮಾವನಿಗೆ ನಗು ಬಂತು, ಆದರೂ ತಡೆದುಕೊಂಡರು. ಅದು ಮಿನುಗಿ ಮಿನುಗಿ ನಿಲ್ಲುವವರೆಗೆ ಅದನ್ನೇ ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಹೇಳಿದರು.

“ನಾನು ಬಂದಿದ್ದೆ.”

“ಎಲ್ಲಿಗೆ?” ಅಂದಳು ಅಮ್ಮ.

“ನಿಮ್ಮ ಮನೆಗೆ. ಗೃಹಪ್ರವೇಶದ ದಿನ.”

ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. “ಅವತ್ತು ಪೆನ್ಷನ್ ಆಫೀಸಿಗೆ ಹೋಗ್ತೀನಿ ಅಂತ ಹೇಳಿ ಹೋಗಿದ್ರಿ!”

“ಸುಳ್ಳು ಹೇಳ್ಬೇಡ ಅಣ್ಣ” ಅಂದಳು ಅಮ್ಮ.

“ಎದುರುಗಡೆ ನೀರಿನ ಟ್ಯಾಂಕ್ ಹತ್ರ ನಿಂತಿದ್ದೆ. ಬಾಲ್ಕನಿಗೆ ಮಾವಿನ ತೋರಣ ಕಟ್ಟಿದ್ರಿ. ಎಡಗಡೆ ದಾರ ಬಿಚ್ಕೊಂಡು ಎಲೆ ಎಲ್ಲ ಜೋತಾಡ್ತಿತ್ತು. ಭಾವ ಕೆಳಗೆ ಬಂದು ಸಾಹೇಬ್ರನ್ನ ಕಾರಿಂದ ಇಳಿಸ್ಕೊಂಡು ಕರ್ಕೊಂಡು ಹೋದ್ರು. ನನ್ನ ನೋಡ್ಲಿಲ್ಲ.”

ತೋರಣದ ದಾರ ಬಿಚ್ಚಿಕೊಂಡದ್ದು ನಿಜ. ಸಂಜೆ ಅಪ್ಪ ಸ್ಟೂಲು ಹತ್ತಿ ಕಟ್ಟಿದ್ದರು. ಅಮ್ಮನಿಗೂ ಅದು ನೆನಪಾಗಿರಬೇಕು.

“ಮತ್ತೆ ಮೇಲೆ ಬರೋದಲ್ವೇನೋ!”

“ಯಾರಾದ್ರೂ ಬಾಲ್ಕನಿಗೆ ಬಂದು ಬಗ್ಗಿ ನೋಡಿ, ಬಾ ಅಂತಾರೆ ಅಂತ ಕಾದೆ. ನೀನೇ ಅನ್ಬೇಕು ಅಂತಿರ್ಲಿಲ್ಲ ಪುಟ್ಟಿ. ಯಾರಂದಿದ್ರೂ ಸಾಕಿತ್ತು. ಅರ್ಧ ಗಂಟೆ ನಿಂತೆ. ಯಾರೂ ಬರ್ಲಿಲ್ಲ.”

ಅಮ್ಮ ಅಲ್ಲಿಯವರೆಗೆ ತಡೆದಿಟ್ಟುಕೊಂಡದ್ದೆಲ್ಲ ಒಡೆಯಿತು. “ಕತ್ತೆ” ಅಂದಳು ಅರವತ್ತು ವರ್ಷದ ಅಣ್ಣನಿಗೆ. “ಕತ್ತೆ ಕಣೋ ನೀನು. ಎರಡು ಬಸ್ ಹತ್ತಿ ಬಂದೋನಿಗೆ ಮೂರು ಮಹಡಿ ಹತ್ತಕ್ಕಾಗ್ಲಿಲ್ವಾ?” ಅನ್ನುತ್ತಾ ರಾಖಿ ಕಟ್ಟಿದ ಕೈಗೇ ಎರಡು ಏಟು ಹಾಕಿ ಅಳತೊಡಗಿದಳು. ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಗೃಹಪ್ರವೇಶದ ದಿನ ಬೆಳಿಗ್ಗೆ ಅಮ್ಮ ನನಗೊಂದು ಕೆಲಸ ಹೇಳಿದ್ದಳು. “ಇಲ್ಲಿ ಬ್ಲಾಕೆಲ್ಲ ಒಂದೇ ಥರ, ನಂಬರೂ ಬರೆದಿಲ್ಲ. ಬಾಲ್ಕನಿಲಿ ನಿಂತಿರು. ಕೆಳಗೆ ಯಾರಾದ್ರೂ ತಡಕಾಡ್ತಿದ್ರೆ ಕೂಗಿ ಕರಿ.” ನಾನು ಒಂದು ಗಂಟೆ ನಿಂತೆ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಹದಿನೇಳು ವರ್ಷದವಳಿಗೆ ರೇಶ್ಮೆ ಲಂಗ ದಾವಣಿ ಚುಚ್ಚುತ್ತಿತ್ತು. ಯಾರಿಗೂ ಹೇಳದೆ ಒಳಗೆ ಹೋಗಿ, ಹಿಂದಿನ ಕೋಣೆಯಲ್ಲಿ ಕೂಲರ್ ಮುಂದೆ ಕಾಲು ಚಾಚಿ, ಒಂದು ಮ್ಯಾಗಜೀನ್ ಓದುತ್ತಾ ಮಲಗಿಬಿಟ್ಟೆ. ಊಟಕ್ಕೆ ಎಲೆ ಹಾಕುವವರೆಗೆ ಏಳಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಅದು ನನಗೆ ನೆನಪಾಗಿರಲಿಲ್ಲ. ಈ ಮೂರು ವರ್ಷ ಮಾವನನ್ನು ಬೈದುಕೊಂಡು ತಿರುಗಿದ್ದೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಬ್ಬರೂ ಹಾಗೆ ಅಳುವುದನ್ನು ನೋಡುತ್ತಾ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. ಬಾಲ್ಕನಿ, ಬಿಸಿಲು, ಕೂಲರು, ಮ್ಯಾಗಜೀನು, ಎಲ್ಲ.

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಅಂದ್ರೆ ನೀನು ಅಲ್ಲಿ ಇರ್ಲೇ ಇಲ್ವಾ?”

“ಡ್ಯೂಟಿ ಬಿಟ್ಟು ಹೋದ್ಯಾ?” ಅಂದರು ಮಾವ. ಆ ದನಿಯನ್ನು ಅವರು ಪಲ್ಟನ್ನಿನಿಂದ ತಂದಿದ್ದರು. “ಪೋಸ್ಟ್ ಬಿಟ್ಟು? ಕೂಲರ್ ಮುಂದೆ?”

“ಹೇಳಿದ್ದು ಒಂದೇ ಒಂದು ಕೆಲ್ಸ ಅಣ್ಣ, ಒಂದೇ ಒಂದು!”

“ನಾನಲ್ಲಿ ನಲವತ್ತೈದು ಡಿಗ್ರಿಲಿ ಒಣಗ್ತಾ ಇದೀನಿ, ಇವಳು ಮ್ಯಾಗಜೀನ್ ಓದ್ತಾ ಇದಾಳೆ!”

“ಚೀನೀ ಭಾಷೆ ಕಲೀತಾಳಂತೆ ಈಗ. ಮನೆಗೆ ಬಂದ ಸೋದರಮಾವನನ್ನ ಬಾ ಅನ್ನಕ್ಕೆ ಬರಲ್ಲ!”

ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿದರು. ಮಾವ ಸೋಮಾರಿತನದ ಬಗ್ಗೆ ಶುರುಮಾಡಿದರೆ ಅಮ್ಮ ನನ್ನ ಹಾಸಿಗೆ ಮಡಿಸದ ಅಭ್ಯಾಸ ಸೇರಿಸಿದಳು, ಅಮ್ಮ ನನ್ನ ಮರೆವಿನ ಬಗ್ಗೆ ಹೇಳಿದರೆ ಮಾವ ನಾನು ನಾಲ್ಕನೇ ಕ್ಲಾಸಿನಲ್ಲಿ ಅವರ ವಾಚು ಕಳೆದದ್ದನ್ನು ನೆನೆಸಿಕೊಂಡರು. ಅಮ್ಮ ಯಾವಾಗಲೋ ಎದ್ದು ಹೋಗಿ ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನನಗೆ ನಾಚಿಕೆಯಾಗಿತ್ತು, ಅಳುವೂ ಬರುತ್ತಿತ್ತು. ತಲೆ ತಗ್ಗಿಸಿಕೊಂಡು ನಿಂತೆ. ಬೈಗುಳ ಬೇಗ ಮುಗಿಯದಿರಲಿ ಅನ್ನಿಸುತ್ತಿತ್ತು.